ಲೆಕ್ಕಕ್ಕೆ ಬರುವ ಕೈಗಳು

೨೦೦೬ರ ಮಳೆಗಾಲ. ರೋಣದ ಕಾಲೇಜಿಗೆ ಇತಿಹಾಸ ಕಲಿಸಲು ಬಂದು ಜಬೀನಳಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಗ್ರೀಕರ ಪಾಠ ಬಂದಾಗ ಪ್ರಾಚಾರ್ಯ ಗುರುಸಂಗಪ್ಪನವರು, "ನೋಟ್ಸ್ ಬರಸಿ ಲಗೂ ಮುಗಸ್ರಿ ಮೇಡಂ" ಎಂದರು.

"ಮೊದಲ ಒಮ್ಮಿ ಹುಡುಗರಿಂದ ಆಟದಂಗ ಆಡಿಸಿ ನೋಡ್ತೀನ್ರಿ ಸರ್" ಎಂದು ನಕ್ಕು ಜಬೀನ ತರಗತಿಗೆ ನಡೆದಳು. ಹೊಳೆಮಣ್ಣೂರಿನ ಹುಡುಗಿ, ಅಳುಕು ಗೊತ್ತಿಲ್ಲದವಳು.

"ನಮ್ಮ ತರಗತಿ ಪ್ರವಾಸ ನರಗುಂದದ ಗುಡ್ಡಕ್ಕೋ, ಗಜೇಂದ್ರಗಡಕ್ಕೋ? ನಾ ಹೇಳಂಗಿಲ್ಲ. ಅಥೆನ್ಸಿನ್ಯಾಗ ರಾಜ ಇರಲಿಲ್ಲ. ಮಂದಿ ಕೂಡಿ, ಕೈ ಎತ್ತಿ ಠರಾವ್ ಮಾಡ್ತಿದ್ರು. ಮತ ಹಾಕಾವರು ಯಾರ್ಯಾರು, ನೀವೂ ಎತ್ರಿ."

ಕೈಗಳು ಒಮ್ಮೆಲೇ ಮೇಲೆದ್ದವು.

"ತಡೀರಿ. ಅಲ್ಲಿ ಹೆಣ್ಮಕ್ಕಳಿಗೆ ಮತ ಇರಲಿಲ್ಲ. ಹುಡುಗ್ಯಾರು ಇಳಸ್ರಿ. ಹೊರಗಿಂದ ಬಂದು ನೆಲೆಸಿದವರಿಗೂ ಇಲ್ಲ. ಪರ ಊರಿನವರು ಇಳಸ್ರಿ. ಹಿಂದಿನ ಬೆಂಚಿನವರು ಗುಲಾಮರು. ಅವರನ್ನ ಯಾರೂ ಕೇಳಂಗಿಲ್ಲ."

ಉಳಿದವರು ರೋಣದ ಕೆಲವೇ ಹುಡುಗರು. ಅವರು ನರಗುಂದ ಎಂದರು.

ಜಕ್ಕಲಿಯ ಮೆಹಬೂಬಸುಭಾನಿ ಎದ್ದು ನಿಂತ. "ಬಸ್ಸಿನ ರೊಕ್ಕ ನಾವೂ ಕೊಡ್ತೀವಲ್ರಿ!"

"ನಿಯಮ ಅಂದ್ರ ನಿಯಮ" ಎಂದ ಮುಂದಿನ ಬೆಂಚಿನ ರೋಣದ ಹುಡುಗ ಗುರುಪಾದ.

ಜಬೀನ ಅವನತ್ತ ತಿರುಗಿದಳು. "ನಿಯಮ ಯಾರು ಮಾಡಿದ್ರು?"

"ಮತ ಇದ್ದವರು."

"ಇಲ್ಲದವರನ್ನ ಕೇಳಿದ್ರೇನು?"

"ಇಲ್ರಿ."

"ಹಂಗಾದ್ರ ಅದು ಎಲ್ಲಾರ ನಿಯಮ ಹ್ಯಾಂಗಾತು?"

ಜಬೀನ ಇಡೀ ತರಗತಿಯತ್ತ ತಿರುಗಿದಳು.

"ಹಿಂಗ ಕೇಳಕೋತ ಅಥೆನ್ಸಿನ ಬಜಾರದಾಗ ಒಬ್ಬಾವ ತಿರುಗತಿದ್ದ, ಸಾಕ್ರೆಟಿಸ್ ಅಂತ. ಹುಡುಗರನ್ನ ಕೆಡಸ್ತಾನ, ದೇವರನ್ನ ನಂಬಂಗಿಲ್ಲ ಅಂತ ಊರವರು ತಪ್ಪು ಹೊರಿಸಿ ವಿಷ ಕುಡಿಸಿದ್ರು."

ಬೆಳವಣಕಿಯ ಅನ್ನಪೂರ್ಣೇಶ್ವರಿಗೆ ತಡೆಯಲಾಗಲಿಲ್ಲ. "ಮತ್ತ ಆ ಅಥೆನ್ಸಿನವರನ್ನ ಶಾಣ್ಯಾರು ಅಂತ ಯಾಕ ಓದಬೇಕ್ರಿ?"

"ನೀನ ಹೇಳವಾ."

ಅನ್ನಪೂರ್ಣೇಶ್ವರಿ ಎದ್ದು ನಿಂತಳು. "ರಾಜನ್ನ ಕೇಳದೆ ತಾವೇ ಕೈ ಎತ್ತಿದ್ದು ಖರೇನ ದೊಡ್ಡ ಮಾತ್ರಿ. ಆದ್ರ ಊರಿನ ಅರ್ಧಕ್ಕಿಂತ ಹೆಚ್ಚ ಮಂದಿ ಕೈ ಅವರೇ ಕೆಳಗ ಒತ್ತಿ ಹಿಡಿದಿದ್ರು."

ತರಗತಿ ಗುಲ್ಲೆದ್ದಿತು. ಗದ್ದಲ ಕೇಳಿ ಪ್ರಾಚಾರ್ಯರು ಬಾಗಿಲಿಗೆ ಬರುವಷ್ಟರಲ್ಲಿ ಗುರುಪಾದನೇ, "ಇನ್ನೊಮ್ಮೆ ಎಣಸೂಣ್ರಿ, ಎಲ್ಲಾರದೂ" ಎಂದ. ವಿಷಯ ತಿಳಿದ ಗುರುಸಂಗಪ್ಪನವರು ತಾವೂ ನರಗುಂದಕ್ಕೆ ಕೈ ಎತ್ತಿದರು. ಎಲ್ಲರ ಕೈ ಎಣಿಸಿದಾಗ ಗಜೇಂದ್ರಗಡವೇ ಗೆದ್ದಿತು.

"ಸೋತ್ನಲ್ರಿ ಮೇಡಂ!" ಎಂದು ಅವರು ಮನಸಾರೆ ನಕ್ಕರು.

ಮುಂದಿನ ಭಾನುವಾರ ಗಜೇಂದ್ರಗಡದ ಗುಡ್ಡವೇರುತ್ತ ಗುರುಪಾದನೂ ಅನ್ನಪೂರ್ಣೇಶ್ವರಿಯೂ ಸಾಕ್ರೆಟಿಸ್ ವಿಷ ಕುಡಿಯುವ ಬದಲು ಊರು ಬಿಟ್ಟು ಓಡಿಹೋಗಬೇಕಿತ್ತೇ ಎಂದು ಜಗಳಾಡುತ್ತಿದ್ದರು. ಜಬೀನ ಸೆರಗು ಸಿಕ್ಕಿಸಿಕೊಂಡು, ಒಂದು ಮಾತೂ ಕಿವಿ ತಪ್ಪದಂತೆ ಅವರ ಬೆನ್ನಿಗೇ ಹತ್ತಿದಳು.