ಅಳತೆಯ ಕೆಮ್ಮು

“ಇವತ್ತಿಂದ ಕತ್ತರಿ ಇವಂದರಿ,” ಎಂದು ಲಾಲಸಾಬ ಹೇಳಿದ್ದು ಪರದೆಯ ಹಿಂದೆ ಕುಳಿತ ಅವನ ಹೆಂಡತಿ ಮದಿನಾಬಿಗೆ ಕೇಳಿಸಿತು. ಅಂಗಡಿಗೆ ಕರೆಸಿದ್ದ ನಾಲ್ಕು ಜನ ಪೇಢೆ ಬಾಯಿಗಿಟ್ಟುಕೊಂಡು ಚಪ್ಪಾಳೆ ತಟ್ಟಿದರು.

ಇವನೆಂದರೆ ಅಕೀಬ, ಲಾಲಸಾಬನ ಅಣ್ಣನ ಮಗ. ಇಚಲಕರಂಜಿಯಲ್ಲಿ ಎರಡು ವರ್ಷ ಬರೀ ಕಾಲರ್ ಹೊಲಿದು ಬಂದವನು. ಮದಿನಾಬಿ ಪಕ್ಕದಲ್ಲಿದ್ದ ಮಗಳನ್ನು ನೋಡಿದಳು. ಅಫ್ರೀನ ತಲೆ ಎತ್ತಲಿಲ್ಲ. ಬಟ್ಟೆಗೆ ಗುರುತು ಹಾಕುವ ಖಡುವನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು.

ಸದಲಗಾದ ಈ ಹೊಲಿಗೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಲಾಲಸಾಬ ಮುಂದೆ ನಿಂತು ಅಳತೆ ಕೂಗುತ್ತಿದ್ದ. ಹಿಂದೆ ಮದಿನಾಬಿ ಬರೆದುಕೊಂಡು ಕತ್ತರಿಸುತ್ತಿದ್ದಳು. ಮದುವೆಯಾದ ವರ್ಷ ಕಲಿಸಿದವನು ಅವನೇ. ಎರಡೇ ವರ್ಷದಲ್ಲಿ ಅವಳ ಕೈ ಅವನನ್ನು ದಾಟಿ ಹೋಗಿತ್ತು. ಗಿರಾಕಿಯ ಮೈಯ ಊನವನ್ನು ಮಂದಿಯೆದುರು ಆಡುವಂತಿಲ್ಲ, ಅದಕ್ಕೇ ಕೆಮ್ಮು. ಭುಜದ ಅಳತೆಯ ಹಿಂದೆ ಒಂದು ಕೆಮ್ಮು ಬಂದರೆ ಬಲಭುಜ ಇಳಿದಿದೆ, ಎರಡು ಬಂದರೆ ಎಡಭುಜ. ಹಾಗೆ ಕತ್ತರಿಸಿದ ಕೋಟು ತೊಟ್ಟವರು ಕನ್ನಡಿಯಲ್ಲಿ ತಮ್ಮನ್ನೇ ನೋಡಿ, “ಲಾಲಸಾಬನ ಕೈ ಅಂದ್ರ ಕೈ!” ಅನ್ನುತ್ತಿದ್ದರು. ಅಫ್ರೀನಳೂ ಆ ಕೆಮ್ಮು ಕಲಿತು ಐದು ವರ್ಷವಾಗಿತ್ತು. ಹೋದ ಲಗ್ನದ ಹಂಗಾಮಿನ ಕೋಟುಗಳನ್ನೆಲ್ಲ ಕತ್ತರಿಸಿದವಳು ಅವಳೇ.

ಬೆಳಿಗ್ಗೆ ಗಂಡ ಹೆಂಡತಿಯ ನಡುವೆ ಇದೇ ಮಾತು ಬಂದಿತ್ತು.

“ಹುಡುಗಿ ಕೈಯಾಗ ಅಂಗಡಿ ಕೊಟ್ರ ಗಂಡಸರು ಕೋಟ ಹೊಲಸಾಕ ಬರ್ತಾರೇನ?”

“ಇಷ್ಟ ದಿನಾ ಯಾರ ಕತ್ತರಿಸಿದ್ದ ತೊಟ್ಕೊಂಡ ಮೆರದಾರ್ರಿ ಅವರು?”

“ಅದು ಅವರಿಗೆ ಗೊತ್ತಿಲ್ಲಲಾ!”

ಆ ಒಂದು ಮಾತು ಇನ್ನೂ ಮದಿನಾಬಿಯ ಎದೆಯಲ್ಲಿ ಉರಿಯುತ್ತಿತ್ತು.

ಹೊರಗೆ ಕಬ್ಬಿನ ಗದ್ದೆಯ ಮುರಗೆಪ್ಪನ ದನಿ ಕೇಳಿತು. “ಹೊಸಾ ಮಾಸ್ತರ, ಮದಲನೇ ಬಟ್ಟಿ ನಂದ ಕತ್ತರಸಪಾ. ಮಗನ ಲಗ್ನಕ್ಕ ಹಾಕ್ಕೊಳ್ಳೂದೈತಿ. ಕೆಡಿಸಿದೆಂದ್ರ ನಿನ್ನ ಲಗ್ನಾ ಆಗಗೊಡಂಗಿಲ್ಲ ನೋಡ!”

ಎಲ್ಲರೂ ನಕ್ಕರು. ಲಾಲಸಾಬ ಟೇಪು ಹಿಡಿದ. “ಭುಜ ಹದಿನೆಂಟು,” ಎಂದು ಒಮ್ಮೆ ಕೆಮ್ಮಿದ.

ಒಳಗೆ ಅಫ್ರೀನಳ ಕೈ ತಾನಾಗಿಯೇ ಚಲಿಸಿ, ಎದುರಿನ ಹಲಗೆಯ ಮೇಲೆ ಬಲಭುಜಕ್ಕೆ ಅರ್ಧ ಇಂಚು ಇಳಿತ ಗೀಚಿತು.

“ಚಾಚಾ, ನೀರ ತರ್ಲೇನ್ರಿ?” ಎಂದ ಅಕೀಬ.

ಅವನು ಬಟ್ಟೆಯನ್ನು ಎರಡು ಮಡಿಕೆ ಹಾಸಿ, ಎರಡೂ ಭುಜಕ್ಕೆ ಒಂದೇ ಗೆರೆ ಎಳೆದು ಕತ್ತರಿ ಎತ್ತಿದ. ಲಾಲಸಾಬ ಜೋರಾಗಿ ಕೆಮ್ಮಿದ. ಅಕೀಬ ಕತ್ತರಿ ಹಿಡಿದೇ ಓಡಿ ಹೋಗಿ ನೀರಿನ ಗ್ಲಾಸು ತಂದ.

ಪರದೆಯ ಸಂದಿಯಿಂದ ಮದಿನಾಬಿ ಗಂಡನ ಕಣ್ಣು ನೋಡಿದಳು. ಅದು ಅಕೀಬನ ಮೇಲಿರಲಿಲ್ಲ. ಪರದೆಯನ್ನೇ ನೋಡುತ್ತಿತ್ತು, ಬೇಡುವಂತೆ. ಈಗಲೂ ಒಳಗಿನವರು ಹೇಗಾದರೂ ಸರಿಮಾಡಲಿ, ಹೊರಗೆ ಗೊತ್ತಾಗದಿರಲಿ!

ಅವಳು ಎದ್ದು ಪರದೆ ಸರಿಸಿದಳು. ಪೇಢೆ ಅಗಿಯುತ್ತಿದ್ದ ಬಾಯಿಗಳು ನಿಂತವು. ಅಕೀಬನ ಕೈಯಿಂದ ಕತ್ತರಿ ತೆಗೆದುಕೊಂಡಳು, ಮೇಜಿನ ಮೇಲಿನ ಬಟ್ಟೆಯನ್ನೂ.

“ಏನ ಮಾಡಾಕತ್ತಿ?” ಲಾಲಸಾಬ ತಗ್ಗಿದ ದನಿಯಲ್ಲಿ ಕೇಳಿದ. “ಒಳಗ ನಡಿ.”

“ಹೊಕ್ಕೀನ್ರಿ. ನೀವು ಕೆಮ್ಮೂದ ಬಿಡ್ರಿ. ಇಷ್ಟ ವರ್ಷ ಕತ್ತರಸಾಕಿ ಯಾರು, ಬಾಯಿ ತೆರದ ಈ ಮಂದಿಗಿ ಹೇಳ್ರಿ. ಹೇಳೂತನಾ ಈ ಕತ್ತರಿ ಹೊರಗ ಬರಂಗಿಲ್ಲ.”

ಒಳಗೆ ಬಂದು ಕತ್ತರಿಯನ್ನು ಮಗಳ ಮಡಿಲಲ್ಲಿಟ್ಟಳು.

“ಏನಂತಾರೋ ಲಾಲಸಾಬ, ಅಕ್ಕಾರು?” ಮುರಗೆಪ್ಪ ಕೇಳಿದ. ಈಗ ಯಾರೂ ನಗಲಿಲ್ಲ.

ಲಾಲಸಾಬ ಕೊರಳಲ್ಲಿದ್ದ ಟೇಪಿನ ಎರಡೂ ತುದಿ ಹಿಡಿದು ನಿಂತ. ಬಾಯಿ ತೆರೆದ. ಬಂದದ್ದು ಕೆಮ್ಮು, ಒಂದರ ಮೇಲೊಂದು, ಯಾವ ಭುಜಕ್ಕೂ ಸೇರದ ಕೆಮ್ಮು.

ಅಕೀಬ ಗ್ಲಾಸು ಮುಂದೆ ಹಿಡಿದ.

ಒಳಗೆ ಅಫ್ರೀನ ಈ ಸಲ ಏನನ್ನೂ ಗೀಚದೆ ಖಡುವನ್ನು ಕೆಳಗಿಟ್ಟಳು.