ಹೊಡೆದ ಮೇಲಿನ ಮನಸ್ಸು

ಜಪಾನಿನ ಹಿತೊಯೊಶಿಯ ನಮ್ಮ ಗರಡಿಯಲ್ಲಿ ನಮ್ಮ ಯಜಮಾನರು ಕಲಿಸುತ್ತಿದ್ದುದು ಕೆಂಡೊ ಎಂಬ ಕತ್ತಿವರಸೆಯ ಮೊದಲ ಪಾಠಗಳನ್ನಷ್ಟೇ. ಪಾದ ನೆಲವನ್ನು ಸವರಿಕೊಂಡೇ ಜಾರಬೇಕು. ಬಿದಿರು ಕತ್ತಿಯನ್ನು ಎಡಗೈ ಆಳಬೇಕು. ಕೂಗು, ಕತ್ತಿ, ಹೆಜ್ಜೆ ಮೂರೂ ಒಟ್ಟಿಗೆ ಬೀಳಬೇಕು. ಹೊಡೆದ ಮೇಲೂ ಮನಸ್ಸು ಎದುರಾಳಿಯ ಮೇಲೇ ನಿಲ್ಲಬೇಕು. ಗೆದ್ದೆನೆಂದು ಹಿಗ್ಗಿದರೆ ಕೊಟ್ಟ ಅಂಕವನ್ನೂ ಕಿತ್ತುಕೊಳ್ಳುತ್ತಾರೆ. ಸೋತವರ ಮುಂದೆ ಕುಣಿಯಬಾರದೆಂಬುದು ನಮ್ಮವರಿಗೆ ದೇವರ ಪೂಜೆಯಷ್ಟೇ ದೊಡ್ಡದು.

ಸೋಯಾ ಹಾಲಿನ ಮೆತ್ತನೆಯ ಗಿಣ್ಣಾದ ತೋಫು ಮಾರುವ ಅಂಗಡಿಯ ಚಿಜುರು ವಯಸ್ಸಾದ ಮೇಲೆ ಕಲಿಯಲು ಬಂದವಳು. ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

“ಬಲಗೈಲಿ ತೋಫು ಹಿಡಿಯೋ ಹಾಗೆ ಹಿಡಿಯಮ್ಮ, ಕಳ್ಳನ್ನ ಹಿಡಿಯೋ ಹಾಗಲ್ಲ,” ಎಂದು ಇವರು ರೇಗಿಸುತ್ತಿದ್ದರು.

“ನಮ್ಮಂಗ್ಡಿ ತೋಫು ಗಟ್ಟಿ, ಗುರುಗಳೇ!”

ಆ ವರ್ಷ ಇವರು ಚಳಿಗಾಲ ದಾಟುವುದು ಕಷ್ಟವೆಂದು ವೈದ್ಯರು ಹೇಳಿದರು. ಚಿಜುರು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. “ಅಮ್ಮಾ, ಈ ಸಲದ ಪಂದ್ಯಕ್ಕೆ ಅವರನ್ನ ಹೇಗಾದ್ರೂ ಕರ್ಕೊಂಡ್ ಬನ್ನಿ. ಅವರ ಕಣ್ಮುಂದೆ ಒಂದ್ಸಲ ಗೆಲ್ಬೇಕು ನಾನು.”

ಗಾಲಿಕುರ್ಚಿಯಲ್ಲಿ ಕರೆದೊಯ್ದೆ. ಇಬ್ಬರೂ ಜಾಲರಿಯ ಮುಖವಾಡ ತೊಟ್ಟಿದ್ದರು; ಚಿಜುರುವಿನ ಏಟು ಎದುರಾಳಿಯ ನೆತ್ತಿಗೆ ನೇರವಾಗಿ ಬಿತ್ತು. ತೀರ್ಪುಗಾರರ ಮೂರು ಬಾವುಟಗಳೂ ಮೇಲೆದ್ದವು. ಆಗಲೇ ನನ್ನ ಪಕ್ಕದಿಂದ ಒಂದು ಕೂಗು:

“ಭಲೇ, ಚಿಜುರು!”

ಕೂಗಿದವರು ನಮ್ಮವರೇ. ಅವರ ಬಾಯಿಂದ ಅಂಥದ್ದನ್ನು ನಾನೆಂದೂ ಕೇಳಿರಲಿಲ್ಲ. ಅವಳು ದನಿ ಬಂದ ಕಡೆ ತಿರುಗಿ, ಮುಷ್ಟಿ ಎತ್ತಿ ಇವರಿಗೆ ತೋರಿಸಿದಳು. ತೀರ್ಪುಗಾರರು ಬಾವುಟಗಳನ್ನು ಕೆಳಗೆ ಬೀಸಿ ಅಂಕ ರದ್ದು ಮಾಡಿದರು. ಪಂದ್ಯ ಮುಂದುವರಿಯಿತು. ಎದುರಾಳಿ ಅವಳ ಮಣಿಕಟ್ಟಿಗೆ ಹೊಡೆದು ಗೆದ್ದಳು.

ಚಿಜುರು ಬಂದು ಇವರೆದುರು ಮಂಡಿಯೂರಿದಳು. “ತಪ್ಪಾಯ್ತು, ಗುರುಗಳೇ.”

“ತಪ್ಪು ನಂದು ಕಣಮ್ಮ. ಕೂಗಿದ್ದು ನಾನು.”

“ನಂಗೇನೂ ಕೇಳಿಸ್ಲಿಲ್ಲ. ಆ ಮುಖವಾಡದೊಳಗೆ ಏನ್ ಕೇಳ್ಸುತ್ತೆ?”

“ಸುಳ್ಳು ಹೇಳೋದನ್ನ ನಾನು ಕಲಿಸ್ಲಿಲ್ವಲ್ಲ.”

“ಅದು ಅಂಗ್ಡೀಲಿ ಕಲ್ತಿದ್ದು.”

ಇವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮುತ್ತಲೇ ಅವಳ ಕೈ ಹಿಡಿದುಕೊಂಡರು; ಕೆಮ್ಮು ನಿಂತರೂ ಬಿಡಲಿಲ್ಲ.

ಮನೆಯ ದಾರಿಯಲ್ಲಿ ಹೇಳಿದರು: “ಅವಳ ಗೆಲುವನ್ನ ನಾನೇ ಕಿತ್ಕೊಂಡೆ ಕಣೇ.”

“ನಿಮ್ಮ ಖುಷಿ ಸಿಕ್ತಲ್ಲ ರೀ ಅವಳಿಗೆ.”

“ಅದಕ್ಕೆ ಬಾವುಟ ಎತ್ತೋರು ಯಾರು?” ಎಂದು ಕುರ್ಚಿಗೆ ಒರಗಿದರು.

ಮೊದಲ ಹಿಮ ಬೀಳುವ ಮುನ್ನವೇ ಹೋಗಿಬಿಟ್ಟರು.

ಮರುವರ್ಷ ಚಿಜುರು ಗೆದ್ದಳು. ಹೊಡೆದು ಮುಂದೆ ಸಾಗಿ, ತಿರುಗಿ, ಎದುರಾಳಿಯ ಕಡೆಗೇ ಕತ್ತಿ ನೀಡಿ ನಿಂತಳು. ನಾನು ಅಲ್ಲೇ ಕುಳಿತಿದ್ದೆ. ನನ್ನ ಕಡೆಗೂ ನೋಡಲಿಲ್ಲ. ದೇವರೇ, ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಳು.