ಒಂಬತ್ತನೆಯ ಶ್ಲೋಕದ ಎರಡನೆಯ ಅರ್ಥ

ಅವಳು ನಗುತ್ತಿದ್ದಳು. ಎದುರಿಗೆ ಅಚ್ಚಿನ ಕರಡು ಬಿಚ್ಚಿಕೊಂಡಿತ್ತು, ಕಣ್ಣು ಮುಚ್ಚಿತ್ತು. ಅವನು ಬಾಗಿಲಲ್ಲೇ ನಿಂತ. ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಆ ನಗೆ ಒಮ್ಮೆಯೂ ತನ್ನ ಕಡೆಗೆ ತಿರುಗಿದ್ದಿಲ್ಲ ಎಂಬುದು ತಟ್ಟನೆ ಹೊಳೆಯಿತು.

"ತಿದ್ದಿ ಮುಗೀತಾ?"

ಹೆಂಡತಿ ಬೆಚ್ಚಿ ಕಣ್ಣು ಬಿಟ್ಟಳು. ನಗೆ ಹೋಯಿತು. "ಒಂಬತ್ತನೇ ಶ್ಲೋಕದಲ್ಲಿದ್ದೀನಿ."

ಅದು ದೇವಿಯನ್ನು ಕುರಿತ ಶ್ಲೋಕ. ಆರುನೂರು ವರ್ಷದ ಹಿಂದಿನ ಟೀಕಾಕಾರ ಅದಕ್ಕೆ ಎರಡು ಅರ್ಥ ಬರೆದಿದ್ದ. ಮೊದಲನೆಯದು ಭಕ್ತಿ, ಮಗು ತಾಯಿಯನ್ನು ಕರೆಯುವಂಥದ್ದು. ಎರಡನೆಯದು ತಂತ್ರ, ಶ್ಲೋಕದ ಒಂದೊಂದು ಅಕ್ಷರವನ್ನೂ ಪಾದದಿಂದ ನೆತ್ತಿಯವರೆಗೆ ಬೆರಳಿಂದ ಮುಟ್ಟಿ ಮೈಮೇಲೆ ಇಟ್ಟುಕೊಳ್ಳುವ ಕ್ರಮ. ಮುಟ್ಟುತ್ತ ಹೋದಂತೆ ಆ ಮೈ ದೇವಿಯದೇ ಆಗುತ್ತದಂತೆ. ಈ ಎರಡನೆಯದನ್ನು ಇನ್ಯಾರೋ ಆಮೇಲೆ ತುರುಕಿದ್ದಾರೆಂದು ಸಾಧಿಸುವುದಕ್ಕೇ, ಆ ಟೀಕೆಯನ್ನು ಸಂಪಾದಿಸುತ್ತಿದ್ದ ಅವನು ಹನ್ನೊಂದು ವರ್ಷ ತೇಯ್ದಿದ್ದ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವನನ್ನು 'ಶುದ್ಧಪಾಠ' ಎನ್ನುತ್ತಿದ್ದರು. ಅದು ಹೊಗಳಿಕೆಯೆಂದೇ ಅವನು ನಂಬಿದ್ದ.

"ಎರಡೂ ಒಬ್ಬನೇ ಬರೆದದ್ದು ಅನ್ಸುತ್ತೆ ರೀ."

"ಯಾಕೆ?"

"ಮೊದಲನೇದ್ರಲ್ಲಿ ಕರೀತಾನೆ. ಎರಡನೇದ್ರಲ್ಲಿ ಅವಳು ಬಂದಿದಾಳೆ."

"ಅನ್ಸೋದೆಲ್ಲ ಪ್ರಮಾಣ ಅಲ್ಲ."

"ಪ್ರಮಾಣ ಅಂತ ನಾನೆಲ್ಲಿ ಹೇಳ್ದೆ?"

ಅಷ್ಟೇ. ಗೆಲ್ಲಬೇಕೆಂಬ ಚಪಲವೂ ಅವಳಿಗಿರಲಿಲ್ಲ. ಅದೇ ಅವನ ಹೊಟ್ಟೆಗೆ ಕಿಚ್ಚಿಟ್ಟಿತು.

ಕರಡನ್ನು ಎತ್ತಿಕೊಂಡು ಪ್ರೆಸ್ಸಿಗೆ ಹೋದ. ಪ್ರೂಫ್ ನೋಡುವ ಮುದುಕರು ಅವನ ಬೆನ್ನ ಹಿಂದೆ ಇಣುಕಿದರು.

"ಅಮ್ಮಾವ್ರು ಬರ್ಲಿಲ್ವಾ ಸಾರ್?"

"ಯಾಕೆ?"

"ಮೊನ್ನೆ ಒಂದಕ್ಷರ ಅನುಮಾನ ಬಂದು ಫೋನ್ ಮಾಡಿದ್ದೆ. ಹಾಗೇ ಒಂಬತ್ತನೇದನ್ನ ಪೂರ್ತಿ ಓದಿ ಹೇಳಿದ್ರು. ನಲವತ್ತು ವರ್ಷದಿಂದ ಪ್ರೂಫ್ ನೋಡ್ತಿದೀನಿ. ಓದೋದು ಅಂದ್ರೆ ಏನು ಅಂತ ಗೊತ್ತಾಗಿದ್ದು ಅವತ್ತೇ."

ಮುದುಕರ ಕಣ್ಣು ಒದ್ದೆಯಾಗಿತ್ತು. ಅವನು ಬೇರೆ ಕಡೆ ನೋಡಿದ. "ನನ್ನ ಪ್ರಸ್ತಾವನೆ?"

"ಚೆನ್ನಾಗಿದೆ ಸಾರ್. ಒಂದು ಅಲ್ಪವಿರಾಮ ಬಿಟ್ಟಿತ್ತು, ಹಾಕಿದೀನಿ."

ಅವನು ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು, ನಿಂತಲ್ಲೇ, ಎರಡನೆಯ ಅರ್ಥದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದ. ನಾಲ್ಕೂವರೆ ಪುಟ. ಸಿಕ್ಕಿದ್ದ ಐದೂ ಹಸ್ತಪ್ರತಿಗಳಲ್ಲಿ ಇದ್ದ ಭಾಗ. ಅದು ಅವನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

"ಇದು ಬೇಡ. ಯಾರೋ ಸೇರಿಸಿದ್ದು."

"ಅಮ್ಮಾವ್ರಿಗೆ ಗೊತ್ತಾ?"

"ಸಂಪಾದಕ ನಾನು."

ಮನೆಗೆ ಬಂದಾಗ ಮಧ್ಯಾಹ್ನ ಮೂರು. ಅವಳು ಎಲ್ಲೋ ಹೊರಗೆ ಹೋಗಿದ್ದಳು. ಎಲ್ಲಿಗೆಂದು ಊಹಿಸುತ್ತ ಅವಳ ಕುರ್ಚಿಯಲ್ಲಿ ಕುಳಿತ. ಆಮೇಲೆ, ಕಳ್ಳನ ಹಾಗೆ ಬಾಗಿಲತ್ತ ನೋಡಿ, ಬಗ್ಗಿ ತನ್ನ ಪಾದ ಮುಟ್ಟಿದ. ಮೊದಲ ಅಕ್ಷರ. ಕಾಲುಚೀಲ ಕೈಗೆ ಸಿಕ್ಕಿತು. ಮಂಡಿ ನೋಯಿತು. ಹೊಕ್ಕುಳಿರಬೇಕಾದಲ್ಲಿ ಅಂಗಿಯ ಗುಂಡಿ. ಎದೆ ಎಂದಿನಂತೆ ಬಡಿದುಕೊಂಡಿತು, ಯಾರನ್ನೂ ಕರೆಯದೆ. ನೆತ್ತಿಗೆ ಕೈಯಿಟ್ಟಾಗ ಹೊಳೆದದ್ದು, ಆ ಅಕ್ಷರಕ್ಕೆ ಮೂರನೆಯ ಪ್ರತಿಯಲ್ಲಿ ಪಾಠಾಂತರವಿದೆ ಎಂಬುದೊಂದೇ.

"ತಲೆನೋವಾ?"

ಅವಳು ಒಳಗೆ ಬಂದಿದ್ದಳು. ಅವನ ಕೈ ಇನ್ನೂ ತಲೆಯ ಮೇಲೇ ಇತ್ತು.

"ಹೂಂ."

ಮುಲಾಮು ತಂದು ಅವನ ಹಿಂದೆ ನಿಂತಳು. "ಒಂಬತ್ತನೇದು ಸರಿಯಾಗಿ ಬಂದಿದೆಯಾ?"

"ಬಂದಿದೆ."

ಬೆರಳುಗಳು ಹಣೆಯ ಮೇಲೆ ಹರಿದವು. ಇಷ್ಟು ಮೆತ್ತಗೆ ಅವಳು ಎಂದೂ ಮುಟ್ಟಿರಲಿಲ್ಲ. ಅಕ್ಷರ ಇಡುವಂತೆ ಹುಬ್ಬಿನ ನಡುವೆ ಒಂದು ಕ್ಷಣ ನಿಂತವು, ಹಣೆಯ ಮೇಲ್ಗಡೆ ಒಂದು ಕ್ಷಣ. ಅವನು ಪುಸ್ತಕದ ಬೀರುವಿನ ಗಾಜಿನಲ್ಲಿ ನೋಡಿದ. ಅವಳ ಕಣ್ಣು ಮುಚ್ಚಿತ್ತು. ಆ ಕೈ ಅವನನ್ನು ದಾಟಿ ಇನ್ಯಾರನ್ನೋ ಮುಟ್ಟುತ್ತಿತ್ತು.

ಅಲುಗಿದರೆ ಅವಳು ಕಣ್ಣು ಬಿಟ್ಟು ಅಲ್ಲಿ ತನ್ನನ್ನು ಕಂಡುಬಿಡುತ್ತಾಳೆ. ಅವನು ಉಸಿರು ಬಿಗಿಹಿಡಿದು, ಕಡೆದಿಟ್ಟ ಕಲ್ಲಿನ ಹಾಗೆ, ಕುಳಿತೇ ಇದ್ದ.